ಅಟ್ಟದಿಂದಿಳಿದ ಶ್ರೀರಂಗಪಟ್ಟಣ

ಬೂಕನಕೆರೆಯ ನಮ್ಮ ಹಿರಿಯರ ಮನೆಯ ಅಟ್ಟವನ್ನು ಹತ್ತಬೇಕಾದರೆ, ನಡುಮನೆಯ ಮೂಲೆಯಲ್ಲಿ ಗೋಡೆಗೊರಗಿಸಿರುವ ಹಲಸಿನ ಮರದ ಏಣಿಯನ್ನೇರಿ, ಮೂರಡಿ ಉದ್ದ ಎರಡಡಿ ಅಗಲದ ಒಂದು ಕಂಡಿಯೊಳಗೆ ಮೊದಲು ತಲೆಯನ್ನೂ ಆಮೇಲೆ ಭುಜಗಳನ್ನೂ ತೂರಿಸಬೇಕು. ಆ ಕಂಡಿಯ ಮೂಲಕ ನೂರಾರು ರಾಗಿಯ ಮೂಟೆಗಳು ಹತ್ತಿವೆ, ಇಳಿದಿವೆ. ಮದುವೆಯ ಕಾಲಕ್ಕೆ ಬೇಕಾಗುವ ಕೊಳದಪ್ಪಲೆಗಳು ಓರೆಯಾಗಿ ನುಸುಳಿವೆ. ಆದರೆ ಎಂಟಡಿ ಉದ್ದ ನಾಲ್ಕಡಿ ಅಗಲದ ಶ್ರೀರಂಗಪಟ್ಟಣವೊಂದು, ತನ್ನ ಕೋಟೆ, ಗೋಪುರ, ಕಾವೇರಿಯ ಎರಡು ಕವಲು ಹಾಗೂ ರೈಲುಹಾದಿಯೊಡನೆ, ಅದರೊಳಗಿಂದ ಇಳಿದು ಬರಲಾರದೆಂಬ ಸತ್ಯವು ನಮಗೆ ಮನವರಿಕೆಯಾದದ್ದು ಕಳೆದ ಬೇಸಿಗೆಯಲ್ಲಿ, ಶಿಥಿಲವಾದ ಮಾಡಿನ ಹೆಂಚು ಕಳಚುವ ಆಳುಗಳು ಬರುವ ದಿನ ಗೊತ್ತಾದ ಮೇಲೆ.

ಅದನ್ನು ಕಟ್ಟಿದವರು ನನ್ನ ದೊಡ್ಡಪ್ಪ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು, ಭೂಗೋಳದ ಪಾಠಕ್ಕೆ ಬೋರ್ಡಿನ ಮೇಲಿನ ಸುಣ್ಣದ ಗೆರೆಗಳು ಸಾಲವೆಂದು ಶಾಲೆಯ ಅಂಗಳದಲ್ಲಿ ಹಸಿಮಣ್ಣಿನಿಂದ ಸಹ್ಯಾದ್ರಿಯನ್ನೇ ಎಬ್ಬಿಸಿ ಅದರ ತುದಿಯಿಂದ ಚೊಂಬಿನ ನೀರನ್ನು ಹರಿಯಬಿಟ್ಟು ನದಿಯು ಪೂರ್ವಾಭಿಮುಖವಾಗಿ ಏಕೆ ಹರಿಯುತ್ತದೆಂಬುದನ್ನು ಮಕ್ಕಳ ಕಣ್ಣಿಗೇ ಕಾಣಿಸುತ್ತಿದ್ದ ಅವರಿಗೆ, ನವರಾತ್ರಿಯ ಗೊಂಬೆ ಹಬ್ಬವೆಂಬುದು ವರ್ಷಕ್ಕೊಮ್ಮೆ ಒದಗುವ ಒಂದು ಪರಮ ಸುಯೋಗವಾಗಿತ್ತು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ನಡೆಸತೊಡಗಿದಂದಿನಿಂದ ಈ ಸೀಮೆಗೆ ಆ ಹಬ್ಬವು ಕೇವಲ ಪಂಚಾಂಗದ ಹಬ್ಬವಾಗಿ ಉಳಿದಿಲ್ಲ. ಅರಮನೆಯಲ್ಲಿ ಸಿಂಹಾಸನವನ್ನು ಜೋಡಿಸುವಂತೆಯೇ ಪ್ರಜೆಗಳ ಮನೆಗಳಲ್ಲಿ ಮರದ ಹಂತಗಳನ್ನು ಜೋಡಿಸಿ, ಅವುಗಳ ಸಂಖ್ಯೆ ಮೂರೋ ಐದೋ ಏಳೋ ಒಂಬತ್ತೋ, ಅಂತೂ ಬೆಸವಾಗಿರುವಂತೆ ನೋಡಿಕೊಂಡು, ಬಿಳಿಯ ಮಡಿಬಟ್ಟೆ ಹಾಸಿ, ಮೇಲಿನ ಹಂತದಲ್ಲಿ ಕಲಶವನ್ನೂ ಪಟ್ಟದ ಗೊಂಬೆಗಳನ್ನೂ ಪ್ರತಿಷ್ಠಿಸುವ ಸಂಪ್ರದಾಯವು ಇಂದಿಗೂ ಜೀವಂತವಾಗಿದೆ. ಪಟ್ಟದ ಗೊಂಬೆಯೆಂದರೆ ರಾಜ ಮತ್ತು ರಾಣಿ. ರಕ್ತಚಂದನದಂತಹ ಗಟ್ಟಿಮರದಲ್ಲಿ ಕಡೆದ ಈ ಜೋಡಿಯನ್ನು ಮಗಳ ಮದುವೆಯಲ್ಲಿ ತವರಿನವರು ಕೊಟ್ಟು ಕಳುಹಿಸುತ್ತಾರೆ. ಹೀಗೆ ಮನೆಯಿಂದ ಮನೆಗೆ ಹೆಣ್ಣುಮಕ್ಕಳ ಜೊತೆಯಲ್ಲಿ ಸಾಗುವ ಆಸ್ತಿ ಇದು. ಯಾವ ವಿಭಾಗಪತ್ರದಲ್ಲಿಯೂ ಇದರ ಉಲ್ಲೇಖವಿರುವುದಿಲ್ಲವಾದರೂ ಹೊಲಗದ್ದೆಗಳಿಗಿಂತ ಹೆಚ್ಚು ಮನೆತನಗಳನ್ನು ಇದು ಒಂದಕ್ಕೊಂದು ಹೆಣೆದಿದೆಯೆಂದು ನಾನು ನಂಬಿದ್ದೇನೆ.

ಹಂತಗಳ ಮೇಲಿನದು ದೊಡ್ಡಮ್ಮನ ರಾಜ್ಯ. ದಶಾವತಾರ, ಶೆಟ್ಟಿ ದಂಪತಿಗಳು, ಅವರ ಮುಂದಿನ ಅಕ್ಕಿ ಬೇಳೆಗಳ ಅಂಗಡಿ, ಚನ್ನಪಟ್ಟಣದ ಅರಗಿನ ಬಣ್ಣದ ಪಾತ್ರೆ ಪರಟಿಗಳು, ಕೊಂಡಪಲ್ಲಿಯ ಹಗುರ ಮರದ ಗೊಂಬೆಗಳು, ಪನ್ರುಟ್ಟಿಯ ಮಣ್ಣಿನ ಗೊಂಬೆಗಳು, ಒಂದೊಂದೂ ಅವರ ಅಪ್ಪಣೆಯ ಮೇರೆಗೆ ತನ್ನ ತನ್ನ ಸ್ಥಾನದಲ್ಲಿ ಕೂರತಕ್ಕದ್ದು. ಹಂತಗಳ ಕೆಳಗೆ, ನೆಲದ ಮೇಲೆ, ಮನೆಮಂದಿಯೆಲ್ಲ ‘ಪಾರ್ಕು’ ಎಂದು ಕರೆಯುವ ಆ ಜಾಗವು ದೊಡ್ಡಪ್ಪನದು. ಎಲ್ಲರ ಮನೆಯ ಪಾರ್ಕಿನಲ್ಲಿಯೂ ಇರುವಂತೆ ಅಲ್ಲಿಯೂ ಮೊದಮೊದಲು ಮರಳು, ಕನ್ನಡಿಯ ಕೊಳ, ಅದರಲ್ಲಿ ಎರಡು ಬಾತುಕೋಳಿ, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಬಿತ್ತಿ ಬೆಳೆಸಿದ ರಾಗಿಯ ಪೈರು, ಇಷ್ಟೇ ಇದ್ದಿತು. ಒಂದು ವರ್ಷ ಬೆಂಗಳೂರಿನಿಂದ ಯಾರೋ ನೆಂಟರು ಕೀಲಿ ಕೊಟ್ಟರೆ ಓಡುವ ತಗಡಿನ ರೈಲನ್ನೂ ಅದರ ಕಂಬಿಗಳನ್ನೂ ತಂದುಕೊಟ್ಟರು. ಮರುವರ್ಷದ ನವರಾತ್ರಿಗೆ ಪಾರ್ಕು ಶ್ರೀರಂಗಪಟ್ಟಣವಾಗಿತ್ತು.

ಅವರು ಶ್ರೀರಂಗಪಟ್ಟಣವನ್ನೇ ಆರಿಸಿಕೊಂಡದ್ದರಲ್ಲಿ ಉಪಾಧ್ಯಾಯರ ವಿವೇಕವಿತ್ತು. 1876ರಿಂದ 78ರವರೆಗಿನ ಘೋರ ಕ್ಷಾಮದ ಹಿನ್ನೆಲೆಯಲ್ಲಿ ಕೈಗೊಂಡು 1882ರಲ್ಲಿ ಪೂರ್ಣಗೊಳಿಸಿದ ಬೆಂಗಳೂರು ಮೈಸೂರು ಮೀಟರ್ ಗೇಜ್ ಹಾದಿಯ ಉದ್ದ ಸುಮಾರು 138 ಕಿಲೋಮೀಟರು. ಮಾದರಿ ರೈಲುಗಳ ಲೋಕದಲ್ಲಿ ಬಹುಪ್ರಚಲಿತವಾಗಿರುವ ಪ್ರಮಾಣದಂತೆ ಅದನ್ನು 87ರಲ್ಲೊಂದು ಪಾಲಿಗೆ ಕುಗ್ಗಿಸಿದರೂ ಒಂದೂವರೆ ಕಿಲೋಮೀಟರಿಗೂ ಮೀರಿದ ಕಂಬಿ ಬೇಕಾಗುತ್ತದೆ. ಆದಕಾರಣ ಇಂತಹ ಕಾರ್ಯದಲ್ಲಿ ತೊಡಗಿದವನು ಎಲ್ಲವನ್ನೂ ಕಿರಿದುಗೊಳಿಸಲು ಹೆಣಗುವ ಬದಲು, ಯಾವುದನ್ನು ಬಿಡಬೇಕೆಂಬುದನ್ನು ಮೊದಲು ಬಲ್ಲವನಾಗಬೇಕು. ಮೈಸೂರಿನ ಕಡೆಯಿಂದ ಬರುವ ಗಾಡಿಯು ಕಾವೇರಿಯ ತೆಂಕಣ ಕವಲನ್ನು ದಾಟಿ, ಕೋಟೆಯನ್ನು ಹೊಕ್ಕು, ರಂಗನಾಥನ ಗೋಪುರವನ್ನು ಪ್ರಯಾಣಿಕರಿಗೆ ಕಿಟಕಿಯಲ್ಲಿ ತೋರಿಸಿ, ನಿಲ್ದಾಣದಲ್ಲಿ ನಿಂತು ಹೊರಟು, ಬಡಗಣ ಕವಲನ್ನು ದಾಟಿ, ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ಪಾಂಡವಪುರದತ್ತ ಸಾಗುವ ಆ ಕೆಲವೇ ನಿಮಿಷಗಳಲ್ಲಿ ನದಿ, ಸೇತುವೆ, ದುರ್ಗ, ದೇವಾಲಯ, ಗದ್ದೆ ಎಲ್ಲವೂ ಒಂದರ ಪಕ್ಕದಲ್ಲೊಂದು ಒದಗಿ ಬರುತ್ತವೆ. ಈ ಹಾದಿಯಲ್ಲಿ ಇಷ್ಟು ಕಿರಿದಾದ ಆವರಣದೊಳಗೆ ಇಷ್ಟನ್ನು ಅಡಕಗೊಳಿಸಿರುವ ಊರು ಇನ್ನೊಂದಿಲ್ಲ.

ಕೋಟೆಯ ಗೋಡೆ ರಟ್ಟಿನದು. ಅದರ ಮೇಲೆ ಜರಡಿ ಹಿಡಿದ ಮರಳನ್ನು ಅಂಟಿಸಿ ಕಲ್ಲಿನ ತರಿಯನ್ನು ತಂದಿದ್ದರು. ಸೇತುವೆಗಳು ಸೀಳಿದ ಬಿದಿರಿನವು. ಒಣಗಿದ ಹೀರೆಕಾಯಿಯ ನಾರನ್ನು ಹಸುರು ಬಣ್ಣದಲ್ಲಿ ಅದ್ದಿ ಒಣಗಿಸಿ ಕಡ್ಡಿಗೆ ಸಿಕ್ಕಿಸಿದರೆ ನದಿಯ ದಂಡೆಯ ಮರವಾಗುತ್ತಿತ್ತು. ಆದರೆ ಗದ್ದೆಗಳನ್ನು ಮಾತ್ರ ಬಣ್ಣದಿಂದ ಮಾಡಲು ಅವರು ಒಪ್ಪಲಿಲ್ಲ. ಹಲಗೆಯಲ್ಲಿ ನಾಲ್ಕು ಕಡೆ ಚೌಕವಾಗಿ ಕೊರೆದು ತಗಡಿನ ತಟ್ಟೆಗಳನ್ನು ಇಳಿಬಿಟ್ಟು, ಅವುಗಳಲ್ಲಿ ಮಣ್ಣು ತುಂಬಿ, ರಾಗಿ ಬಿತ್ತಿ, ನವರಾತ್ರಿ ಮುಗಿಯುವುದರೊಳಗೆ ಪೈರು ಬೆರಳುದ್ದ ಬೆಳೆಯುವಂತೆ ಮಾಡುತ್ತಿದ್ದರು. ಅವರ ಶ್ರೀರಂಗಪಟ್ಟಣದಲ್ಲಿ ಅಳತೆಗೆ ಸಿಕ್ಕದ್ದೆಂದರೆ ಆ ಬೆಳೆಯೊಂದೇ. ಕೋಟೆಯ ಬುರುಜಿಗಿಂತ ಎತ್ತರವಾಗಿ ತೊನೆಯುತ್ತಿದ್ದ ಪೈರಿನ ನಡುವೆ ರೈಲು ಕಾಣದಾಗಿ, ಸೇತುವೆಯ ಮೇಲೆ ಮತ್ತೆ ಹೊರಬೀಳುತ್ತಿದ್ದುದನ್ನು ನೋಡಲು ಬೀದಿಯ ಮಕ್ಕಳೆಲ್ಲರೂ ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಮೊದಲು ನಮ್ಮ ಮನೆಗೇ ಬರುತ್ತಿದ್ದರು.

ಮಕ್ಕಳು ಬೆಳೆದು ಊರು ಬಿಟ್ಟ ಮೇಲೆ, ದೊಡ್ಡಮ್ಮನ ಮೊಣಕಾಲುಗಳು ಹಂತ ಜೋಡಿಸುವ ಶ್ರಮವನ್ನು ಸಹಿಸದಾದ ಮೇಲೆ, ಪಟ್ಟದ ಗೊಂಬೆಗಳನ್ನಷ್ಟೇ ದೇವರ ಮುಂದಿಟ್ಟು ಹಬ್ಬವನ್ನು ಮುಗಿಸುವ ವರ್ಷಗಳು ಬಂದವು. ದೊಡ್ಡಪ್ಪ ಆಗ ತಮ್ಮ ನಾಲ್ಕು ಹಲಗೆಗಳನ್ನು ಅಟ್ಟಕ್ಕೊಯ್ದರು. ಬಿಡಿಬಿಡಿಯಾಗಿ ಹತ್ತಿದ ಅವುಗಳನ್ನು ಅಲ್ಲಿ ಒಂದಾಗಿ ಜೋಡಿಸಿ, ಅಡಿಯಿಂದ ತಿರುಪು ಬಿಗಿದು, ಮೇಲಿನ ಸಂದುಗಳನ್ನು ಕಾಗದದ ಗೊಜ್ಜಿನಿಂದ ಮುಚ್ಚಿ ಬಣ್ಣ ಬಳಿದು, ಹೆಂಚಿನ ನಡುವೆ ಕೂರಿಸಿದ ಗಾಜಿನ ಬೆಳಕಿನಲ್ಲಿ ಅವರು ತಮ್ಮ ಕೊನೆಯ ಹತ್ತು ವರ್ಷ ಅದನ್ನು ತಿದ್ದುತ್ತಲೇ ಇದ್ದರು. ಹೀಗೆ ನಾಲ್ಕಾಗಿ ಹತ್ತಿದ ಊರು ಒಂದಾಗಿ ಅಲ್ಲಿಯೇ ಉಳಿಯಿತು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಮಾದರಿ ರೈಲಿನ ಹವ್ಯಾಸವು ಹೆಚ್ಚಾಗಿ ಬೆಳೆದ ಇಂಗ್ಲೆಂಡಿನಲ್ಲಿ, ಮಾಡಿನ ಕೆಳಗಿನ ಅಟ್ಟಗಳಲ್ಲಿ ಒಬ್ಬನ ಜೀವಮಾನದ ಕೆಲಸವು ಹರಡಿಕೊಂಡಿದ್ದು, ಅವನು ತೀರಿಕೊಂಡ ಬಳಿಕ ಅದನ್ನು ಏನು ಮಾಡಬೇಕೆಂಬ ಚಿಂತೆ ಮನೆಯವರ ಪಾಲಿಗೆ ಬರುವುದುಂಟು. ಅಲ್ಲಿ ಜಾನ್ ಅಹರ್ನ್ ಎಂಬಾತ ತನ್ನ ಕೈಯಾರೆ ನಿರ್ಮಿಸಿದ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪಿತ ಕಣಿವೆಯ ರೈಲು, ಅವನು 1961ರಲ್ಲಿ ತೀರಿಕೊಂಡ ತರುವಾಯ, ಆಕ್ಸ್‌ಫರ್ಡ್‌ಶೈರಿನ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಆಶ್ರಯವನ್ನು ಪಡೆಯಿತು. ನಮ್ಮ ನೆರೆಯ ಪುಣೆಯಲ್ಲಿಯೂ ಭಾವು ಜೋಶಿಯವರ ಹವ್ಯಾಸದ ಫಲವಾದ ಕಿರುರೈಲುಗಳ ನಗರವೊಂದು 1998ರಿಂದ ಸಾರ್ವಜನಿಕರಿಗೆ ತೆರೆದಿದ್ದು, ಅವರ ಬಳಿಕ ಅವರ ಮನೆತನದವರೇ ಅದನ್ನು ನಡೆಯಿಸಿಕೊಂಡು ಬಂದಿದ್ದಾರೆ. ಅಂತಹ ಭಾಗ್ಯವು ಕೆಲವಕ್ಕೆ ಮಾತ್ರ. ಉಳಿದವು ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಎಂಜಿನ್ನುಗಳಿಗೆ ಬೆಲೆಯುಂಟು, ಬೆಟ್ಟಗಳನ್ನು ಯಾರೂ ಕೊಳ್ಳುವುದಿಲ್ಲ.

ಮಾಡು ಇಳಿಸುವ ದಿನ ಗೊತ್ತಾದ ಮೇಲೆ ನಮ್ಮಲ್ಲಿಯೂ ಮಾತುಗಳು ನಡೆದವು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕೊಡೋಣವೆಂದು ಒಬ್ಬರು ಸೂಚಿಸಿದರು. ಅಲ್ಲಿ ಮಹಾರಾಣಿಯವರಿಗಾಗಿ 1899ರಲ್ಲಿ ನಿರ್ಮಿಸಿದ ಗಾಡಿಯನ್ನು ಕಂಡು ಬೆರಗಾದವನು ನಾನು. ಆದರೆ ನಿಜವಾದ ಉಗಿಬಂಡಿಗಳ ಆ ಸಾನ್ನಿಧ್ಯದಲ್ಲಿ ರಟ್ಟು, ಬಿದಿರು ಹಾಗೂ ಹೀರೆನಾರಿನ ಈ ಊರಿಗೆ ಏನು ಸ್ಥಾನವಿದ್ದೀತು? ಗೊಂಬೆಗಳನ್ನಾದರೋ, ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು 2005ರಿಂದ ವರ್ಷವರ್ಷವೂ ‘ಬೊಂಬೆ ಮನೆ’ ಎಂಬ ಪ್ರದರ್ಶನವನ್ನು ಏರ್ಪಡಿಸಿ ಮತ್ತೆ ಜನರ ಲಕ್ಷ್ಯಕ್ಕೆ ತಂದಿದೆ. ಅದನ್ನು ನೋಡಿ ಬಂದು ಅಟ್ಟದ ಪೆಟ್ಟಿಗೆಗಳನ್ನು ಇಳಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಗೊಂಬೆಯೂ ಪಾರ್ಕೂ ಗಾಜಿನ ಬೀರುವಿನಲ್ಲಿ ವರ್ಷವಿಡೀ ನಿಲ್ಲುವುದಕ್ಕಾಗಿ ಹುಟ್ಟಿದವುಗಳಲ್ಲ. ವರ್ಷಕ್ಕೊಮ್ಮೆ ಎದ್ದು, ಹತ್ತು ದಿನ ಆಳಿ, ವಿಜಯದಶಮಿಯ ರಾತ್ರಿ ಮಲಗುವುದು ಅವುಗಳ ಧರ್ಮ. ಅವನ್ನು ಎಬ್ಬಿಸುವ ಕೈ ಯಾವ ಮನೆಯಲ್ಲಿದೆಯೋ ಅಲ್ಲಿಗೆ ಅವು ಹೋಗಬೇಕೇ ಹೊರತು, ಜಾಗ ಎಲ್ಲಿ ಹೆಚ್ಚಾಗಿದೆಯೋ ಅಲ್ಲಿಗಲ್ಲ. ನಮ್ಮ ಬಳಗದಲ್ಲಿ ದೊಡ್ಡ ಮನೆಯುಳ್ಳವರು ಮೂವರು, ಮೂವರೂ ಮೌನವಾಗಿದ್ದರು. ‘ನನಗೆ ಕೊಡಿ’ ಎಂದು ಕೇಳಿದವಳು, ಮೈಸೂರಿನಲ್ಲಿ ಎರಡನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ವಾಸವಾಗಿರುವ ನನ್ನ ತಮ್ಮನ ಮಗಳು.

ಇನ್ನುಳಿದದ್ದು ಅದನ್ನು ಇಳಿಸುವ ಬಗೆ. ಹೇಗೂ ಹೆಂಚುಗಳನ್ನು ಕಳಚುವುದರಿಂದ, ಜಂತೆಗಳ ನಡುವಿನಿಂದ ಇಡಿಯಾಗಿಯೇ ಮೇಲಕ್ಕೆತ್ತಿ ಇಳಿಸಬಹುದೆಂದು ತಮ್ಮನ ವಾದ. ಸಂದುಗಳಲ್ಲಿ ಕೊಯ್ದು ಮೊದಲಿನಂತೆ ನಾಲ್ಕು ಮಾಡಬೇಕೆಂದು ಬಡಗಿ ಆಚಾರರ ಮತ. ಈ ಎರಡು ಮಾರ್ಗಗಳಿಗೂ ನಮ್ಮ ಸೀಮೆಯಲ್ಲಿಯೇ ಮಹತ್ತಾದ ನಿದರ್ಶನಗಳಿವೆಯೆಂಬುದು ಆಗ ನನಗೆ ಹೊಳೆಯಿತು.

ಮೊದಲನೆಯದು ಶ್ರೀರಂಗಪಟ್ಟಣದಲ್ಲಿಯೇ ನಡೆದದ್ದು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ ಆ ಹಾದಿಯನ್ನು ಜೋಡಿಹಾದಿಯನ್ನಾಗಿ ಮಾಡುವಾಗ, ನಿಲ್ದಾಣದ ಬಳಿಯಲ್ಲಿದ್ದ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರವೊಂದು ಹೊಸ ಕಂಬಿಗಳ ದಾರಿಗೆ ಅಡ್ಡವಾಗಿತ್ತು. ಅದನ್ನು ಕೆಡವಲು ಯಾರಿಗೂ ಮನಸ್ಸಾಗಲಿಲ್ಲ. ಕಟ್ಟಡದ ಸುತ್ತಲೂ ಅಗೆದು, ಅಸ್ತಿಭಾರದಡಿಯಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕುಗಳಿಂದ ಮೇಲಕ್ಕೆತ್ತಿ, ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು 2017ರ ಮಾರ್ಚಿನಲ್ಲಿ ನೂರಕ್ಕೂ ಹೆಚ್ಚು ಮೀಟರು ಆಚೆಗೆ ಇಡಿಯಾಗಿ ಸರಿಸಿದರು. ರೈಲು ತನ್ನ ಹಾದಿಗಾಗಿ ಇತಿಹಾಸವನ್ನು ಒಡೆಯದೆ, ಅದನ್ನು ಎತ್ತಿ ಪಕ್ಕದಲ್ಲಿಟ್ಟುಕೊಂಡು ಮುಂದೆ ಸಾಗಿದ ಈ ಸಂಗತಿಯನ್ನು ಓದಿದಾಗ ನನ್ನ ಕಣ್ಣು ತೇವವಾಗಿತ್ತು.

ಎರಡನೆಯದು ಬೂಕನಕೆರೆಗೆ ನೆರೆಯಾದ ಹಿನ್ನೀರಿನ ಸೀಮೆಯದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಎತ್ತರವಾದಂತೆ ಹಳೆಯ ಕನ್ನಂಬಾಡಿಯು ನೀರಿನಲ್ಲಿ ಮುಳುಗಿತು. ಅಲ್ಲಿಯ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇಗುಲವೂ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳಲ್ಲಿ ನೀರಿಳಿದು ದೇಗುಲವು ಮೇಲೆದ್ದು ನಿಲ್ಲುತ್ತಿತ್ತು, ಜನ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು, ಮತ್ತೆ ಮುಳುಗುತ್ತಿತ್ತು. ದಶಕಗಳು ಕಳೆದ ಮೇಲೆ ಖೋಡೇ ಪ್ರತಿಷ್ಠಾನದವರು ಆ ದೇಗುಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದು ಕಲ್ಲಿಗೂ ಗುರುತು ಬರೆದು, ಚಿತ್ರ ತೆಗೆದಿಟ್ಟುಕೊಂಡು, ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮರಳಿ ನಿಲ್ಲಿಸಿದರು. ಇಂದು ಅಲ್ಲಿ ನಿಂತು ನೋಡುವವನಿಗೆ ಬಿಚ್ಚಿದ್ದ ಜಾಡು ಕಾಣುವುದಿಲ್ಲ. ಬಿಚ್ಚುವುದೆಂದರೆ ಕೆಡಿಸುವುದಲ್ಲ, ಯಾವುದರ ಪಕ್ಕದಲ್ಲಿ ಯಾವುದಿತ್ತೆಂಬ ಜ್ಞಾನವು ಬಿಚ್ಚುವವನ ಬಳಿಯಲ್ಲಿದ್ದರೆ.

ನಾವು ಕನ್ನಂಬಾಡಿಯ ಮಾರ್ಗವನ್ನೇ ಹಿಡಿದೆವು. ಮಾಡಿನ ಮೂಲಕ ಇಡಿಯಾಗಿ ಇಳಿದ ಊರು ಮೈಸೂರಿನ ಮನೆಯ ಮೆಟ್ಟಿಲುಗಳಲ್ಲಿ ತಿರುಗಲಾರದೆಂಬುದೊಂದೇ ಆ ವಾದವನ್ನು ಮುಗಿಸಲು ಸಾಕಾಯಿತು. ಆದರೆ ಆಚಾರರು ಗರಗಸವನ್ನು ಹಿಡಿಯುವ ಮೊದಲು ನಾನು ಒಂದು ವಾರದ ಅವಕಾಶವನ್ನು ಬೇಡಿದೆ. ಏಕೆಂದರೆ, ನಾವು ಅಲ್ಲಿಯವರೆಗೆ ಚಿಂತಿಸಿದ್ದುದು ಹಲಗೆಗಳನ್ನು ಕುರಿತು ಮಾತ್ರ. ಹನ್ನೊಂದು ಟ್ರಂಕುಗಳಲ್ಲಿ ಮಲಗಿದ್ದ ಗೊಂಬೆಗಳ ನಡುವಿನ ಸಂಬಂಧವು ಎಂಬತ್ತೇಳು ವರ್ಷದ ದೊಡ್ಡಮ್ಮನ ನೆನಪಿನಲ್ಲಲ್ಲದೆ ಇನ್ನೆಲ್ಲಿಯೂ ಇರಲಿಲ್ಲ. ವಸ್ತುಗಳು ಕೈಬದಲಾಗುವಾಗ ಎಲ್ಲರೂ ಎಣಿಸಿಕೊಳ್ಳುವುದು ಸಂಖ್ಯೆಯನ್ನು, ಕಳೆದುಹೋಗುವುದು ಕ್ರಮ.

ಪಡಸಾಲೆಯಲ್ಲಿ ಚಾಪೆ ಹಾಸಿ, ಒಂದೊಂದೇ ಗೊಂಬೆಯನ್ನು ಬಿಚ್ಚಿ ದೊಡ್ಡಮ್ಮನ ಮುಂದಿಡುತ್ತ ಹೋದೆ. ಅವರು ಹೇಳಿದಂತೆ ಮಗು ಬರೆದುಕೊಂಡಳು. ಮಗುವೆಂದರೆ ತಮ್ಮನ ಮಗಳೇ. ಮೂವತ್ತೆರಡು ವರ್ಷದವಳಾದರೂ ದೊಡ್ಡಮ್ಮನ ಬಾಯಲ್ಲಿ ಅವಳು ಮಗುವೇ.

“ಇದನ್ನ ನನ್ನ ಅತ್ತೆ ತಂದದ್ದು. ಅವರ ತವರು ನಾಗಮಂಗಲ. ಇದು ಯಾವತ್ತೂ ಎರಡನೇ ಹಂತದಲ್ಲೇ ಕೂತ್ಕೋಬೇಕು, ಕೆಳಗಿಳಿಸಬಾರದು, ಬರ್ಕೊಂಡ್ಯಾ ಮಗು?”

“ಬರ್ಕೊಂಡೆ ಅಜ್ಜಿ. ಮೇಲಿನ ಹಂತದ ರಾಣಿ ಯಾವ ಕಡೆಗೆ?”

“ರಾಜನ ಎಡಕ್ಕೆ ಕಣಮ್ಮ. ಆ ಕೈ ಮುರಿದಿರೋ ಮಣ್ಣಿನ ಕೃಷ್ಣನ್ನ ಎಸೀಬೇಡಿ. ಅವನಿಗೆ ಕದಂಬದ ಮರ ಅಡ್ಡ ಇಟ್ಟರೆ ಕೈ ಕಾಣೋದಿಲ್ಲ. ಆ ಮರ ನಿಮ್ಮ ತಾತ ಮಾಡಿದ್ದೇ ಅದಕ್ಕೆ.”

ಆ ಪುಟ್ಟ ಮರವು ಪೆಟ್ಟಿಗೆಯ ತಳದಲ್ಲಿ ಒಂಟಿಯಾಗಿ ಬಿದ್ದಿತ್ತು. ಇನ್ನೊಂದು ವರ್ಷ ತಡವಾಗಿದ್ದರೆ ಅದು ಯಾರ ಕೈಗೆ ಸಿಕ್ಕಿದ್ದರೂ ಕಸವೆಂದು ಒಲೆಗೆ ಹೋಗುತ್ತಿತ್ತು. ಗೊಂಬೆಗಳನ್ನು ಪಡೆಯುವವರೆಲ್ಲರಿಗೂ ನನ್ನದೊಂದು ಪ್ರಾರ್ಥನೆಯುಂಟು: ಪೆಟ್ಟಿಗೆಗಳನ್ನು ಒಯ್ಯುವ ಮೊದಲು, ಅವನ್ನು ಕೂರಿಸುತ್ತಿದ್ದವರ ಎದುರಿನಲ್ಲಿ ಒಮ್ಮೆಯಾದರೂ ಎಲ್ಲವನ್ನೂ ಬಿಚ್ಚಿ ಕೂರಿಸಿರಿ.

ಕಟ್ಟುವ ಕೆಲಸದಲ್ಲಿಯೂ ದೊಡ್ಡಮ್ಮನ ವಿಧಿಗಳಿದ್ದವು. ಹಳೆಯ ಹತ್ತಿಯ ಸೀರೆಗಳನ್ನೇ ಹರಿದು ಸುತ್ತಬೇಕು. ಸುದ್ದಿಪತ್ರಿಕೆಯ ಮಸಿ ಅರಗಿನ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಮಣ್ಣಿನವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗಿನ ತೇವವು ಹೊರಹೋಗಲಾರದೆ ಬಣ್ಣ ಸಿಪ್ಪೆಯೇಳುತ್ತದೆ. ನೆರಳಿನಲ್ಲಿ ಒಣಗಿಸಿದ ಬೇವಿನೆಲೆ ಪ್ರತಿ ಪೆಟ್ಟಿಗೆಗೂ ಒಂದು ಹಿಡಿ. ರೈಲಿನ ಕೀಲಿಯನ್ನು ಪೂರ್ತಿ ಇಳಿಯಬಿಟ್ಟು, ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಬಿಟ್ಟು, ಆಮೇಲೆ ಸುತ್ತಿಡಬೇಕು. ಬಿಗಿದಂತೆಯೇ ಇಟ್ಟರೆ ಒಳಗಿನ ಸುರುಳಿ ಸೋಲುತ್ತದೆ. ಈ ಕೊನೆಯದು ದೊಡ್ಡಪ್ಪನ ವಿಧಿಯಾಗಿದ್ದು, ಅವರು ತೀರಿಕೊಂಡು ಹದಿನಾಲ್ಕು ವರ್ಷವಾದ ಮೇಲೂ ದೊಡ್ಡಮ್ಮ ಅದನ್ನು ಅವರ ಮಾತಿನಲ್ಲಿಯೇ ಹೇಳಿದರು.

ಆಚಾರರು ಎರಡು ಕೊಯ್ತಗಳನ್ನು ಕಾವೇರಿಯ ಎರಡು ಕವಲುಗಳ ಮೇಲೆ ಹಾಕಿದರು, ಮೂರನೆಯದನ್ನು ಕೋಟೆಯ ಹೊರಗೋಡೆಯ ಗುಂಟ. ಹಲಗೆಗಳ ಮೊದಲಿನ ಸಂದುಗಳಿದ್ದುದೇ ಅಲ್ಲಿ. ನೀರಿನ ಬಣ್ಣದಡಿಯಲ್ಲಿ ಬೆಸುಗೆಯನ್ನು ಮರೆಮಾಡುವುದು ಸುಲಭವೆಂದು ದೊಡ್ಡಪ್ಪ ಆಗಲೇ ಅಳೆದಿದ್ದರು. ಗರಗಸವು ಕಾಗದದ ಗೊಜ್ಜಿನೊಳಗೆ ಇಳಿಯುವಾಗ ದೊಡ್ಡಮ್ಮ ಹಿತ್ತಲಿಗೆ ಹೋಗಿದ್ದರು. ಬಿದಿರಿನ ಸೇತುವೆಗಳು ತಿರುಪು ಸಡಿಲಿಸಿದೊಡನೆ ಅಖಂಡವಾಗಿ ಕೈಗೆ ಬಂದವು. ಉತ್ತರದ ಬುರುಜೊಂದು ಮಾತ್ರ ಗೆದ್ದಲು ತಿಂದು ಪುಡಿಯಾಗಿತ್ತು. ನಾಲ್ಕು ಹಲಗೆಗಳು ಕಂಡಿಯ ಮೂಲಕ ಒಂದೊಂದಾಗಿ ಓರೆಯಾಗಿ ಇಳಿದವು. ಪಾಂಡವಪುರದ ಮೇಲೆ ಹಾದು, ಬಡಗಣ ಕವಲನ್ನೂ ತೆಂಕಣ ಕವಲನ್ನೂ ದಾಟಿ, ಒಂದು ಸಣ್ಣ ಲಾರಿಯಲ್ಲಿ ಹಾಸಿಗೆಗಳ ನಡುವೆ ಮಲಗಿ, ಶ್ರೀರಂಗಪಟ್ಟಣವು ಶ್ರೀರಂಗಪಟ್ಟಣದ ಮೂಲಕ ಹಾದುಹೋಯಿತು.

ಮೈಸೂರಿನ ಮನೆಯಲ್ಲಿ ಅಟ್ಟವಿಲ್ಲ. ಮಗು ತನ್ನ ಮಂಚವನ್ನು ಒಂದಡಿ ಎತ್ತರಿಸಿ, ಅದರ ಕೆಳಗೆ ನಾಲ್ಕು ಹಲಗೆಗಳನ್ನೂ ಅಡ್ಡಲಾಗಿ ಜಾರಿಸಿ ಇಡುವ ಏರ್ಪಾಡನ್ನು ಮಾಡಿಕೊಂಡಿದ್ದಾಳೆ. ಸಂದುಗಳಿಗೆ ಗೊಜ್ಜು ಹಚ್ಚದೆ, ಬೇಕಾದಾಗ ಬಿಗಿದು ಬಿಚ್ಚಬಹುದಾದ ತಿರುಪುಗಳನ್ನು ಹಾಕಿಸಿದ್ದಾಳೆ. ಹೊಸ ಬುರುಜನ್ನು ರಟ್ಟು ಮರಳುಗಳಿಂದ ತಾನೇ ಮಾಡಿ, ಹಳೆಯ ಗೋಡೆಗಿಂತ ಅದರ ಬಣ್ಣ ತಿಳಿಯಾಯಿತೆಂದು ಎರಡು ಸಲ ಚಹಾದ ಡಿಕಾಕ್ಷನ್ನು ಬಳಿದಿದ್ದಾಳೆ. ಮಹಾಲಯ ಅಮಾವಾಸ್ಯೆಗೆ ಮೊದಲೇ, ಬೂಕನಕೆರೆಯ ರಾಗಿ ಬಟ್ಟೆಯ ಗಂಟಿನಲ್ಲಿ ಅವಳಿಗೆ ತಲುಪಿತ್ತು. ಪಾಡ್ಯದ ಸಂಜೆ ನಾವೆಲ್ಲ ಸೇರಿದಾಗ ನಾಲ್ಕು ತಟ್ಟೆಗಳಲ್ಲಿ ಮೊಳಕೆಯು ಬಿಳಿಯಾಗಿ ತಲೆಯೆತ್ತಿತ್ತು. ಕೀಲಿ ಕೊಟ್ಟ ರೈಲು ತೆಂಕಣ ಸೇತುವೆಯನ್ನು ಸಲೀಸಾಗಿ ದಾಟಿ, ಬಡಗಣ ಸೇತುವೆಯ ಸಂದಿನಲ್ಲಿ ಕಂಬಿ ಕೂದಲೆಳೆಯಷ್ಟು ಎತ್ತರವಾಗಿದ್ದುದರಿಂದ ಮುಗ್ಗರಿಸಿ ನಿಂತಿತು. ಅವಳು ಅರ ತಂದು ಕಂಬಿಯ ತುದಿಯನ್ನು ಉಜ್ಜಿದಳು. ಮತ್ತೆ ಬಿಟ್ಟಳು. ದಾಟಿತು.

ಅಷ್ಟರಲ್ಲಿ ದೊಡ್ಡಮ್ಮನ ಫೋನು ಬಂತು. ರೈಲಿನ ವಿಚಾರವನ್ನು ಅವರು ಕೇಳಲಿಲ್ಲ.

“ಪೈರು ಕಿಟಕಿ ಕಡೆಗೇ ಬಾಗತ್ತೆ ಮಗು. ದಿನಾ ಬೆಳಿಗ್ಗೆ ತಟ್ಟೆ ತಿರುಗಿಸಿಡು.”